ಏಕವಚನದಲ್ಲಿ ಒಂದು ಮಾತು

ನನ್ನ ಅಕ್ಕನಿಗೆ ಮನೆಯಲ್ಲಿ ನಾವಿಟ್ಟ ಹೆಸರು ‘ಬಹುವಚನ’. ಸೋಫಾದ ಮೇಲೆ ಮಲಗಿದ ಬೆಕ್ಕಿಗೂ “ಸ್ವಲ್ಪ ಸರೀತೀರಾ?” ಅನ್ನುವವಳು. ತಪ್ಪು ಅವಳದಲ್ಲ, ಅಮ್ಮನದು. ಆರು ವರ್ಷದವಳಿದ್ದಾಗ ದೊಡ್ಡಪ್ಪನನ್ನು “ಬಾರೋ” ಎಂದು ಕರೆದದ್ದಕ್ಕೆ ಅಮ್ಮ ಎಲ್ಲರೆದುರೇ ಅವಳ ಕಿವಿ ಹಿಂಡಿದ್ದಳು. ಆ ಕಿವಿ ಇನ್ನೂ ಕೆಂಪಗಿದೆ ಎಂದು ನಾನು ಕಿಚಾಯಿಸುತ್ತಿರುತ್ತೇನೆ.

ಇಂಥವಳು ಪೈಲಟ್ ಆದಳು. ಹೆದರುಪುಕ್ಕಲಿಯೇನಲ್ಲ, ಬಿರುಗಾಳಿಯಲ್ಲೂ ಕೈ ನಡುಗದೆ ವಿಮಾನ ಇಳಿಸುತ್ತಾಳೆ. ಆದರೆ ಪಕ್ಕದ ಸೀಟಿನ ಕ್ಯಾಪ್ಟನ್ ಮಾತಿಗೆ ಅಡ್ಡ ಬಾಯಿ ಹಾಕು ಅಂದರೆ ಬೆವರುತ್ತಾಳೆ.

ಚಕ್ರ ಉರುಳಲು ಶುರುವಾದ ಮೇಲೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಬಾರದು ಎಂಬುದು ಪೈಲಟ್‌ಗಳ ನಿಯಮ. ಒಂದು ಬೆಳಿಗ್ಗೆ ಮಾತ್ರ, ವಿಮಾನ ರನ್‌ವೇ ಕಡೆ ಸಾಗುತ್ತಿದ್ದಾಗಲೇ, ಕ್ಯಾಪ್ಟನ್ ತಮ್ಮ ಅಡುಗೆಮನೆಯ ಟೈಲ್ಸ್ ಕಥೆ ತೆಗೆದರು. ಗಾರೆಯವನು ಅಳತೆ ತಪ್ಪಿಸಿದನಂತೆ, ಸಿಂಕಿನ ಕೆಳಗೆ ನೀರು ನಿಂತಿತಂತೆ, ಹೆಂಡತಿ ಮುನಿಸಿಕೊಂಡರಂತೆ. ಟೈಲ್ಸಂತೆ ಟೈಲ್ಸ್! ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಅಕ್ಕ “ಹೌದಾ ಸಾರ್” ಅನ್ನುತ್ತಲೇ, ಕೊನೆ ಗಳಿಗೆಯಲ್ಲಿ ಬದಲಾದ ದಾರಿಯನ್ನು ತಲೆ ತಗ್ಗಿಸಿ ಕಂಪ್ಯೂಟರಿಗೆ ತುಂಬುತ್ತಿದ್ದಳು. ರನ್‌ವೇಗೆ ಮುಂಚಿನ ಹಳದಿ ಗೆರೆಯ ಬಳಿ ನಿಲ್ಲಬೇಕೆಂದು ಕಂಟ್ರೋಲ್ ಟವರಿನವರು ಹೇಳಿದ್ದರು. “ಸಾರ್, ದಯವಿಟ್ಟು ಟೈಲ್ಸ್ ವಿಷಯ ಆಮೇಲೆ ಹೇಳ್ತೀರಾ?” ಎಂಬ ವಾಕ್ಯ ಅಕ್ಕನ ನಾಲಿಗೆಯ ತುದಿಯಲ್ಲಿತ್ತು. ಅಲ್ಲೇ ಉಳಿಯಿತು.

ತಲೆ ಎತ್ತಿದರೆ ಗೆರೆ ಎದುರಿಗೇ ಇದೆ. ವಿಮಾನದ ವೇಗ ಇಳಿದಿಲ್ಲ. ಬಲಗಡೆಯಿಂದ ಇನ್ನೊಂದು ವಿಮಾನ ಅದೇ ರನ್‌ವೇಗೆ ಇಳಿಯುತ್ತಿದೆ.

“ನಿಲ್ಸೋ!”

ಕ್ಯಾಪ್ಟನ್ ಕಾಲು ಬ್ರೇಕಿನ ಮೇಲೆ ಬಿತ್ತು. ಮುಂದಿನ ಚಕ್ರ ಗೆರೆಯನ್ನು ಒಂದು ಮಾರು ದಾಟಿ ನಿಂತಿತು. ಇಳಿದ ವಿಮಾನ ಅವರ ಕಣ್ಣೆದುರೇ ಭರ್ರನೆ ಹಾದುಹೋಯಿತು. ಹಿಂದೆ ಕೂತಿದ್ದ ಎಪ್ಪತ್ತೆರಡು ಜನ ಇದೆಂಥ ಬ್ರೇಕು ಎಂದು ಗೊಣಗಿಕೊಂಡರು.

“ಕ್ಷಮಿಸಿ ಸಾರ್.”

“ಯಾವುದಕ್ಕಮ್ಮಾ?”

“ಏಕವಚನಕ್ಕೆ.”

ಕ್ಯಾಪ್ಟನ್ ನಗಲು ಹೋದರು, ಆಗಲಿಲ್ಲ. “ನೀನು ಬಹುವಚನ ಹುಡುಕ್ತಾ ಕೂತಿದ್ರೆ, ಇಷ್ಟೊತ್ತಿಗೆ ನಾವೆಲ್ಲಾ ಭೂತಕಾಲ ಆಗಿರ್ತಿದ್ವಿ ತಾಯಿ,” ಅಂದರು.

ಗೆರೆ ದಾಟಿದ್ದನ್ನು ಅವರೇ ಟವರಿಗೆ ತಿಳಿಸಿ ವಿಮಾನವನ್ನು ಟರ್ಮಿನಲ್ಲಿಗೆ ವಾಪಸ್ ಒಯ್ದರು. ವರದಿಯನ್ನೂ ಕ್ಯಾಪ್ಟನ್ನೇ ಬರೆದರು: “ತಪ್ಪು ನನ್ನದು. ನಾನು ಟೈಲ್ಸ್ ಬಗ್ಗೆ ಮಾತಾಡುತ್ತಿದ್ದೆ. ಸಹಪೈಲಟ್ ‘ನಿಲ್ಸೋ’ ಎಂದರು.” ಎಂದರು! ಅವಳು ಕೊಡದೆ ಉಳಿಸಿಕೊಂಡ ಬಹುವಚನವನ್ನು ಅವರು ಅವಳಿಗೇ ಕೊಟ್ಟಿದ್ದರು. ಅಷ್ಟರಮಟ್ಟಿಗೆ ನನ್ನ ಕೋಪವೂ ಇಳಿಯಿತು.

ಮಧ್ಯಾಹ್ನ ಅಕ್ಕ ಯೂನಿಫಾರ್ಮಿನಲ್ಲೇ ಮನೆಗೆ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತಳು.

“ಅಮ್ಮಾ, ಇವತ್ತು ದೊಡ್ಡವರೊಬ್ಬರಿಗೆ ‘ನಿಲ್ಸೋ’ ಅಂದ್ಬಿಟ್ಟೆ.”

ಆಮೇಲೆ ನಡೆದದ್ದೆಲ್ಲ ಹೇಳಿದಳು. ಅಮ್ಮ ಒಲೆ ಆರಿಸಿ, ಒದ್ದೆ ಕೈಯನ್ನು ಅವಳ ಕಿವಿಯತ್ತ ಚಾಚಿದಳು. ಹಿಂಡುತ್ತಾಳೆಂದೇ ನಾನು ಅಂದುಕೊಂಡೆ. ಅಮ್ಮ ಆ ಕಿವಿಯನ್ನು ಅಂಗೈಯಿಂದ ಮುಚ್ಚಿ, ತಲೆಯನ್ನು ಎದೆಗೆ ಒತ್ತಿಕೊಂಡಳು.

“ಟೈಲ್ಸ್ ಕಥೆ ಶುರುವಾದಾಗ್ಲೇ ಅನ್ಬೇಕಿತ್ತು ಕಣೇ,” ಅಂದಳು.