ಲ್ಯಾಬಿನಲ್ಲಿ ಲಿಸ್ಪ್‌ಗೆ ಜಾಗವಿರಲಿಲ್ಲ

ನವಿ ಮುಂಬಯಿಯ ನೆರೂಳಿನ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಪಾಠ ಮಾಡುತ್ತೇನೆ. ಕಳೆದ ವರ್ಷ ಕೆಲವು ವಿದ್ಯಾರ್ಥಿಗಳು ಲಿಸ್ಪ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಸಿ ಎಂದು ಕೇಳಿದರು. ಅದಕ್ಕೆ ಬೇಕಾದ ಸಾಫ್ಟ್‌ವೇರ್, ಒಳ್ಳೆಯ ಪುಸ್ತಕ, ಎರಡೂ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಒಂದು ಭಾನುವಾರವಿಡೀ ಕೂತು ಲ್ಯಾಬಿನ ಎಲ್ಲ ಕಂಪ್ಯೂಟರುಗಳಿಗೂ ಹಾಕಿದೆ. ಸೋಮವಾರ ನೋಡಿದರೆ ಒಂದರಲ್ಲೂ ಇಲ್ಲ.

ಲ್ಯಾಬ್ ನೋಡಿಕೊಳ್ಳುವವರು ವಿಜಯಪುರದ ಕಡೆಯವರು. "ನಾನೇ ತೆಗದೀನ್ರಿ ಮೇಡಂ. ಸಿಲೆಬಸ್‌ದಾಗ ಇಲ್ಲದ್ದು ಯಾಕ ಬೇಕ್ರಿ?" ಎಂದರು.

"ಹುಡುಗರು ತಾವಾಗಿಯೇ ಕೇಳಿದ್ದಾರೆ, ಅಷ್ಟು ಸಾಲದೇನ್ರಿ?" ಎಂದೆ. ಪ್ರಿನ್ಸಿಪಾಲರ ಹತ್ತಿರ ಹೋದರೆ, "ಅರೇ ಮೇಡಂ, ಇತನಾ ಟೆನ್ಶನ್ ಕ್ಯೂಂ ಲೇತೀ ಹೋ?" ಎಂದು ಹಿಂದಿಯಲ್ಲಿ ಹೇಳಿ, ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದೇಕೆ ಎಂಬಂತೆ ನಕ್ಕರು. ಆ ನಗು ನನ್ನ ಮೈಯೆಲ್ಲ ಉರಿಸಿತು. ಮಕ್ಕಳಿಗೆ ಕಲಿಯುವ ಆಸಕ್ತಿಯೇ ಇಲ್ಲವೆಂದು ಪ್ರತಿ ಮೀಟಿಂಗಿನಲ್ಲೂ ಗೋಳಾಡುವವರು ಇವರೇ!

ಮರುದಿನ ಕ್ಯಾಂಟೀನಿನ ಮೂಲೆಯಲ್ಲೇ ಪಾಠ ಶುರು ಮಾಡಿದೆ. ಇದ್ದ ಎರಡು ಲ್ಯಾಪ್‌ಟಾಪ್‌ಗಳಿಗೆ ಎಲ್ಲರೂ ಮುತ್ತಿಕೊಂಡರು. ತನ್ನ ಮೊದಲ ಪ್ರೋಗ್ರಾಂ ಓಡಿದಾಗ ಒಬ್ಬಳು, "ಚಾಲಲಂ, ಮ್ಯಾಡಮ್!" ಎಂದು ಮರಾಠಿಯಲ್ಲಿ ಕೂಗಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆದರೆ ಆ ಹೊತ್ತಿನಲ್ಲಿ ಮೇಲಿನ ಮಹಡಿಯ ಲ್ಯಾಬ್ ಬೀಗ ಹಾಕಿಕೊಂಡು ಖಾಲಿ ಬಿದ್ದಿತ್ತು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.