ಕರಿಬೇವಿಗೆ ಬಿಗಿದ ತಂತಿ

ಜೂನ್ ಏಳು, ಭಾನುವಾರ, ಬೆಳಿಗ್ಗೆ ಏಳೂವರೆ. ಚಿಕಲಠಾಣಾದ ನಮ್ಮ ಅಂಗಳದಲ್ಲಿ ಅಳತೆ ಪಟ್ಟಿ ಹಿಡಿದು ನಿಂತೆ. ಬಟ್ಟೆ ಒಣಗಿಸಲು ಅವ್ವ ಎಂದೋ ಕರಿಬೇವಿನ ಗಿಡಕ್ಕೆ ಬಿಗಿದಿದ್ದ ತಂತಿ ತೊಗಟೆಯೊಳಗೆ ಹೂತುಹೋಗಿತ್ತು. ಕಾಂಡದ ಸುತ್ತಳತೆ ತಂತಿಯ ಮೇಲೆ ಹದಿನಾರು ಸೆಂಟಿಮೀಟರ್, ಕೆಳಗೆ ಹನ್ನೊಂದು. ಬೀದರಿನಿಂದ ಅವ್ವ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಗಿಡವದು.

ಪಕ್ಕದ ಮನೆಯ ಕಾಕಾ ಬಗ್ಗಿ ನೋಡಿ ಅವ್ವನಿಗೆ ಹೇಳಿದರು: “ಬಾತದ್ರಿ ವೈನಿ, ನೀರು ಮ್ಯಾಲ ಏರವಲ್ದು. ಕಡಿಸಿಬಿಡ್ರಿ.”

“ಹೋದ ವರ್ಷ ನಿಮ್ಮ ಕಾಲು ಬಾತಿತ್ತಲ್ಲ, ಕಡಿಸಿದ್ರೇನು?” ಎಂದಳು ಅವ್ವ.

ನೀರು ಏರುತ್ತಿದೆ ಎಂದು ನಾನು ಖಚಿತವಾಗಿ ಹೇಳಿದೆ. ತುದಿಯ ಎಲೆಗಳು ಹಿಂದಿನ ದಿನ ಮಧ್ಯಾಹ್ನದ ಬಿಸಿಲಿಗೂ ಬಾಡಿರಲಿಲ್ಲ. ಬೇರಿನ ನೀರು ಒಳಗಿನ ಕಟ್ಟಿಗೆಯಲ್ಲಿ ಮೇಲೇರುತ್ತದೆ. ಎಲೆ ತಯಾರಿಸಿದ ಸಕ್ಕರೆ ತೊಗಟೆಯಲ್ಲಿ ಕೆಳಗಿಳಿಯುತ್ತದೆ. ತಂತಿ ತೊಗಟೆಯನ್ನು ಅದುಮಿದ್ದರಿಂದ ಸಕ್ಕರೆ ಮೇಲೆಯೇ ನಿಂತು ಕಾಂಡ ಉಬ್ಬಿತ್ತು. ಹಸಿದಿದ್ದದ್ದು ಬೇರು.

ಇಕ್ಕಳದಿಂದ ತಂತಿ ಕತ್ತರಿಸಿ ತೆಗೆದೆವು. ಅಂದಿನಿಂದ ಪ್ರತಿ ಭಾನುವಾರ ಅಳೆಯುತ್ತಿದ್ದೇನೆ. ಕೆಳಗಿನ ಅಳತೆ ಇನ್ನೂ ಬದಲಾಗಿಲ್ಲ, ಆದರೆ ಗಾಯದ ಒಂದು ಬದಿಯಲ್ಲಿ ಹೊಸ ತೊಗಟೆ ಮೂಡಿದೆ. ಅವ್ವ ಒಗ್ಗರಣೆಗೆ ಎಲೆ ಕೀಳುವುದನ್ನು ನಿಲ್ಲಿಸಿದ್ದಾಳೆ. ಗಿಡ ಉಳಿಯುತ್ತದೆಂದೇ ನನ್ನ ನಂಬಿಕೆ. ತೊಗಟೆ ಪೂರ್ತಿ ಕೂಡಲು ಎಷ್ಟು ಕಾಲ ಬೇಕು, ಅಲ್ಲಿಯವರೆಗೆ ಬೇರಿಗೆ ಏನು ಮಾಡಬೇಕು ಎಂಬುದು ಮಾತ್ರ ಗೊತ್ತಿಲ್ಲ. ಇಂಥ ಗಿಡ ಉಳಿಸಿಕೊಂಡವರಿದ್ದರೆ ದಯವಿಟ್ಟು ನನಗೆ ಬರೆಯಿರಿ.