ಬೀರಪ್ಪ ಮಾಸ್ತರ ಬೆಂಗಾವಲ ಮಂತ್ರ

ಬೀರಪ್ಪ ಮಾಸ್ತರನ್ನು ನಾನು ಮೊದಲ ಸಲ ಕಂಡಾಗ ಅವರು ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಆರಡಿ ಮೇಲಿನ ಆಳು, ಕಿವಿಯವರೆಗೆ ತಿರುವಿದ ಮೀಸೆ, ಎತ್ತಿ ಹಿಡಿದ ಬಲಗೈಯಲ್ಲಿ ಒಂದು ಕಟ್ಟಿಗೆಯ ಫೂಟುಪಟ್ಟಿ. ಎದುರಿಗೆ ನೆಲದ ಮೇಲೆ ಕುಳಿತ ನಲವತ್ತು ಮಕ್ಕಳೂ ಕಣ್ಣು ಮುಚ್ಚಿದ್ದರು. ಶನಿವಾರದ ಮುಂಜಾನೆ ಸಾಲಿ. ಕೆಲಸಕ್ಕೆ ಹಾಜರಾಗಲು ಮುಧೋಳದಿಂದ ಮೊದಲ ಬಸ್ಸಿಗೆ ಬಂದಿದ್ದ ನಾನು, ಯಾರೋ ದೊಡ್ಡವರು ತೀರಿಕೊಂಡಿರಬೇಕು, ಮೌನ ಆಚರಿಸುತ್ತಿದ್ದಾರೆ ಎಂದುಕೊಂಡು ಬಾಗಿಲಲ್ಲೇ ಚೀಲ ಇಳಿಸಿ ತಲೆ ತಗ್ಗಿಸಿ ನಿಂತೆ.

ಎರಡು ನಿಮಿಷವಾಗಿರಬೇಕು. ಮುಂದಿನ ಸಾಲಿನಿಂದ ಒಂದು ಹುಡುಗಿ ಚೀರಿದಳು: "ಬಂತ್ರೀ ಸರ್! ಮುಂಗುಸಿ ಬಂತು!"

"ಶಬ್ಬಾಶ್ ಕಸ್ತೂರಿ! ಬಾಲ ಎಷ್ಟುದ್ದ ಐತಿ?" ಎಂದರು ಮಾಸ್ತರು, ಕಣ್ಣು ತೆರೆಯದೆಯೇ.

ಅದು ಜಮಖಂಡಿ ತಾಲೂಕಿನ ಹೊಳೆದಂಡೆಯ ಒಂದು ಚಿಕ್ಕ ಊರು. ಸಾಲಿಗೆ ಇದ್ದವರು ನಾವಿಬ್ಬರೇ. ಮಾಸ್ತರು ಬೀಳಗಿ ಕಡೆಯ ಕುರಿ ಕಾಯುವ ಮನೆತನದವರು, ಬೀರೇಶ್ವರನ ಒಕ್ಕಲು. ಮನೆಯಲ್ಲಿ ಸಾಲಿಯ ಮೆಟ್ಟಿಲು ಹತ್ತಿದವರಲ್ಲಿ ಅವರೇ ಮೊದಲಿಗರು. ಹಣೆಗೆ ದೇವರ ಭಂಡಾರದ ಅರಿಸಿನ ಹಚ್ಚದೆ ಹಾಜರಿ ಕರೆದವರಲ್ಲ. ಪ್ರತಿ ಶನಿವಾರ ಮಕ್ಕಳಿಗೆ ತಾವೇ ಕಟ್ಟಿದ ಒಂದು ಕತೆ ಹೇಳುತ್ತಿದ್ದರು. ನಾನು ಹೋಗುವ ಹೊತ್ತಿಗೆ ಆ ಕತೆಗೆ ಆರು ವರ್ಷ ತುಂಬಿತ್ತು. ಇನ್ನೂ ಮುಗಿದಿರಲಿಲ್ಲ.

ಕತೆಯಲ್ಲೊಂದು ಮಾಟಗಾರರ ನಾಡು. ಅಲ್ಲಿ ಚಿಕ್ಕವರು ದೊಡ್ಡವರು ಎಲ್ಲರಿಗೂ ಮಂತ್ರ ಗೊತ್ತು, ಆದರೆ ಎಲ್ಲರಿಗೂ ಕಾವಳಪ್ಪನ ಭಯ. ಕಾವಳಪ್ಪ ಹೊಗೆಯಂಥವನು. ಯಾರನ್ನೂ ಹೊಡೆಯುವುದಿಲ್ಲ, ಬಡಿಯುವುದಿಲ್ಲ. ಸುಮ್ಮನೆ ಬಂದು ಮಗ್ಗುಲಲ್ಲಿ ನಿಲ್ಲುತ್ತಾನೆ. ನಿಂತನೆಂದರೆ ಮನುಷ್ಯನ ಮೊಣಕಾಲು ಸಡಿಲು, ಬಾಯಿಗೆ ಬರುತ್ತಿದ್ದ ಹಾಡು ಮರೆತುಹೋಗುತ್ತದೆ. ಅವನಿಗೆ ಕುಡುಗೋಲು ತಾಗುವುದಿಲ್ಲ, ಬೆಂಕಿ ಹತ್ತುವುದಿಲ್ಲ. ಅವನು ಹೆದರುವುದು ಬೆಂಗಾವಲಿಗೆ ಒಂದಕ್ಕೇ. ಕಣ್ಣು ಮುಚ್ಚಿ, ಹೊಟ್ಟೆ ತುಂಬ ನಕ್ಕ ಒಂದು ದಿನವನ್ನು ನೆನೆದು "ಬಾ, ನನ್ನ ಬೆನ್ನಿಗೆ ನಿಲ್ಲು" ಎಂದರೆ, ಬೆಳಕಿನಿಂದಾದ ಒಂದು ಪ್ರಾಣಿ ಬಂದು ಕಾಯುತ್ತದೆ. ಯಾವ ಪ್ರಾಣಿ ಎಂಬುದು ನಮ್ಮ ಕೈಯಲ್ಲಿಲ್ಲ. ಅದು ತಾನಾಗಿ ಬರಬೇಕು.

"ಅರ್ಧಂಬರ್ಧ ನಕ್ಕಿದ್ದು ನಡೆಯಂಗಿಲ್ಲ," ಎನ್ನುತ್ತಿದ್ದರು ಮಾಸ್ತರು. "ಹೊಟ್ಟಿ ಹಿಡಕೊಂಡು ನಕ್ಕಿರಬೇಕು. ಇಲ್ಲಾಂದ್ರ ಬೆಂಗಾವಲು ಅರ್ಧ ದಾರಿ ಬಂದು ತಿರುಗಿ ಹೋಗತೈತಿ."

ಸಿದ್ದು ಎಂಬ ಹುಡುಗನಿಗೆ ಹುಲಿಯೇ ಬೇಕಿತ್ತು. ಬಂದದ್ದು ಕೋಳಿ. ಅವನು ಅಳುತ್ತ ಕುಳಿತಾಗ ಮಾಸ್ತರು ಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕುಳಿತರು. "ಲೇ ಸಿದ್ದ್ಯಾ, ಕೋಳಿ ಅಂದ್ರ ಏನಂತ ತಿಳಿದೀ? ಹುಲಿ ಹಸಿವಾದ್ರ ಮೈಮ್ಯಾಲ ಬರತೈತಿ. ಕೋಳಿ ಹಿಂದ ಮರಿ ಇದ್ರ ಹದ್ದಿನ ಮೈಮ್ಯಾಲ ಹೋಗತೈತಿ. ಯಾವುದು ದೊಡ್ಡದು, ನೀನ ಹೇಳು." ಸೋಮವಾರದಿಂದ ಸಿದ್ದು ಅಂಗಳದಲ್ಲಿ ಎದೆ ಉಬ್ಬಿಸಿ ನಡೆಯತೊಡಗಿದ.

ನನ್ನನ್ನೂ ಬಿಡಲಿಲ್ಲ. "ನೀವು ಮುಧೋಳದಾವ್ರು, ನಿಮ್ಮದು ನಾಯೀನ ಇರಬೇಕ್ರಿ ಅಕ್ಕೋರ" ಎಂದು ಮಕ್ಕಳು ದುಂಬಾಲು ಬಿದ್ದರು. ಬಾಡಿಗೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಯಾರಿಗೂ ಗೊತ್ತಾಗದಂತೆ ಕಣ್ಣು ಮುಚ್ಚಿ ನೋಡಿದೆ. ಏನೂ ಬರಲಿಲ್ಲ. ಹೊಸ ಊರು, ಒಬ್ಬಳೇ ಅಡಿಗೆ, ಒಬ್ಬಳೇ ಊಟ. ನಕ್ಕ ದಿನಗಳು ಎಲ್ಲೋ ದೂರದಲ್ಲಿದ್ದವು. ಸಾಲಿಗೆ ಬಂದು "ಹೌದು, ನಾಯಿ ಬಂತು, ಉದ್ದನೆಯ ಕಾಲಿನದು" ಎಂದುಬಿಟ್ಟೆ. ಮಕ್ಕಳು ಚಪ್ಪಾಳೆ ತಟ್ಟಿದರು. ಮಾಸ್ತರು ಮೀಸೆಯಲ್ಲೇ ನಕ್ಕು, ಆಮೇಲೆ ಮೆಲ್ಲಗೆ ಹೇಳಿದರು: "ಸುಳ್ಳ ನಾಯಿ ಸಾಕಬ್ಯಾಡ ತಂಗೆವ್ವ, ಕಚ್ಚತೈತಿ. ಗಡಬಡಿ ಇಲ್ಲ, ಬಂದಾಗ ಬರಲಿ." ಅವತ್ತಿನಿಂದ ಅವರ ಮನೆಯಿಂದ ನನಗೂ ಒಂದು ರೊಟ್ಟಿ ಗಂಟು ಬರತೊಡಗಿತು. ಶೇಂಗಾ ಹಿಂಡಿ, ಮೊಸರು, ಕೆಲವೊಮ್ಮೆ ಅವರ ಹೆಂಡತಿ ನಾಗವ್ವ ಮಾಡಿದ ಸಿಹಿ ಮಾದಲಿ. ಕಾರಣ ಕೇಳಿದರೆ "ರೊಟ್ಟಿ ಹೆಚ್ಚಾಗಿದ್ವು" ಎನ್ನುತ್ತಿದ್ದರು. ದಿನವೂ ಹೆಚ್ಚಾಗುತ್ತಿದ್ದವು.

ಒಮ್ಮೆ ಸಾಲಿ ತಪಾಸಣೆಗೆ ಸಾಹೇಬರು ಬಂದರು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮುಖ. ನಾಲ್ಕನೆಯ ಇಯತ್ತೆಯ ಮುಂದೆ ನಿಂತು, "ನಮ್ಮನ್ನು ಕಾಯುವವರು ಯಾರು?" ಎಂದು ಕೇಳಿದರು. ಸೈನಿಕರು, ಪೊಲೀಸರು ಎಂಬ ಉತ್ತರ ಅವರಿಗೆ ಬೇಕಿತ್ತು.

ಸಿದ್ದು ಎದ್ದು ನಿಂತ. "ಕೋಳಿ ರೀ."

"ಏನಂದಿ?"

"ನನಗ ಕೋಳಿ ರೀ. ಕಸ್ತೂರಿಗೆ ಮುಂಗುಸಿ. ಯಲ್ಲವ್ವಗ ಎಮ್ಮಿ."

ನಾನು ಸಿದ್ದುವಿಗೆ ಕೂಡು ಎಂದು ಕೈಸನ್ನೆ ಮಾಡಿದೆ. ಮಾಸ್ತರು ಮಾತ್ರ ನಿಂತಲ್ಲಿಂದಲೇ ಇಡೀ ಮಂತ್ರವನ್ನು ವಿವರಿಸಿ, "ನೀವೂ ಒಮ್ಮೆ ನೋಡ್ರಿ ಸಾಹೇಬ್ರ, ಖರ್ಚಿಲ್ಲ," ಎಂದರು. ಮಕ್ಕಳೆಲ್ಲ ತಮ್ಮನ್ನೇ ನೋಡುತ್ತಿದ್ದಾರೆಂದು ಸಾಹೇಬರು ಒಲ್ಲದ ಮನಸ್ಸಿನಿಂದ ಕಣ್ಣು ಮುಚ್ಚಿದರು. ಬಹಳ ಹೊತ್ತು ತೆರೆಯಲೇ ಇಲ್ಲ. ತೆರೆದವರು ದಫ್ತರ ನೋಡಿ, ಸಹಿ ಮಾಡಿ ಜೀಪು ಹತ್ತಿದರು. ಜೀಪು ಹೊರಟು ಮತ್ತೆ ನಿಂತಿತು. ಸಾಹೇಬರು ಕಿಟಕಿಯಿಂದ ಕೈ ಮಾಡಿ ಮಾಸ್ತರನ್ನು ಕರೆದು, ಚಾಲಕನಿಗೆ ಕೇಳದ ಹಾಗೆ ಪಿಸುಗುಟ್ಟಿದರು: "ಮಾಸ್ತರ, ಕತ್ತೆ ಬಂತು. ನಡೀತದೇನು?"

"ಓಹೋ! ಸೊಲ್ಲೆತ್ತದ ಭಾರ ಹೊರೂ ಪ್ರಾಣಿ ಸಾಹೇಬ್ರ. ಅದರಂಥಾದ್ದು ಸಿಗೂದು ಪುಣ್ಯ."

ಆ ಮನುಷ್ಯ ಜೀಪಿನಲ್ಲಿ ನಗುತ್ತ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮಾಸ್ತರ ಬೆಂಗಾವಲು ಯಾವುದೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕೇಳಿದರೆ "ಹೇಳಿದ್ರ ನಾಚಿಕೊಂಡು ಓಡಿಹೋಗತೈತಿ" ಎಂದು ಮಾತು ತೇಲಿಸುತ್ತಿದ್ದರು. ಸಿಂಹವೇ ಇರಬೇಕು ಎಂದು ಮಕ್ಕಳು ತಾವೇ ತೀರ್ಮಾನಿಸಿದ್ದರು.

ಒಂದು ಮಳೆಗಾಲ ಕೃಷ್ಣೆ ತುಂಬಿ ಬಂದಳು. ಸಾಲಿ ಇದ್ದದ್ದು ದಿನ್ನೆಯ ಮೇಲೆ. ಊರಿಗೂ ಸಾಲಿಗೂ ನಡುವೆ ಒಂದು ತಗ್ಗು. ಮುಂಜಾನೆ ಒಣಗಿದ್ದ ಆ ತಗ್ಗು ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಹೊಳೆಯಾಗಿತ್ತು. ಹತ್ತಿರದ ಮನೆಗಳ ಮಕ್ಕಳನ್ನು ತಾಯಂದಿರು ಮೊದಲೇ ಕರೆದೊಯ್ದಿದ್ದರು. ಹನ್ನೊಂದು ಮಕ್ಕಳು ಮತ್ತು ನಾವಿಬ್ಬರು ಉಳಿದೆವು. ನಾಲ್ಕು ಗಂಟೆಯ ಹೊತ್ತಿಗೆ ಅಂಬಿಗರ ರಾಮಣ್ಣ ದೋಣಿ ತಂದ. ನೀರು ಸಾಲಿಯ ಕೆಳಗಿನ ಮೆಟ್ಟಿಲನ್ನು ಮುಟ್ಟಿತ್ತು.

ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎತ್ತಿ ಕೂಡಿಸಿದೆವು. ನಾನೂ ಹತ್ತಿದೆ. ಮಾಸ್ತರು ಮಾತ್ರ ಕಟ್ಟೆಯ ಕಂಬ ಹಿಡಿದು ನಿಂತೇ ಇದ್ದರು.

"ಲಗೂನ ಬರ್ರಿ ಮಾಸ್ತರ, ಸೆಳವು ಏರಾಕತ್ತೈತಿ. ಮತ್ತೊಮ್ಮೆ ಬರಾಕ ಆಗಂಗಿಲ್ಲ ನನಗ," ಎಂದ ರಾಮಣ್ಣ.

"ನೀವು ನಡೀರಿ. ನಾ ಸಾಲಿ ಕಾಯ್ತೀನಿ. ದಫ್ತರ ಅದಾವು."

ಅವರ ಮುಖ ನೋಡಿದೆ. ಭಂಡಾರದ ಕೆಳಗೆ ಬಣ್ಣವೇ ಇರಲಿಲ್ಲ. "ತಂಗೆವ್ವಾ, ನನಗ ನೀರಂದ್ರ ಆಗಂಗಿಲ್ಲ," ಎಂದರು, ಮಕ್ಕಳ ಎದುರಿಗೇ. "ಕಾಲು ಏಳವಲ್ವು."

ನಾನು ದೋಣಿಯಲ್ಲಿ ಎದ್ದು ನಿಂತೆ. ಅಷ್ಟರಲ್ಲಿ ಕಸ್ತೂರಿ ದೋಣಿಯಿಂದ ಮೆಟ್ಟಿಲಿಗೆ ಜಿಗಿದು, ಕಂಬ ಹಿಡಿದಿದ್ದ ಅವರ ಕೈ ಹಿಡಿದಳು.

"ಕಣ್ಣ ಮುಚ್ಚರಿ ಸರ್. ನಕ್ಕಿದ್ದ ದಿನ ನೆನಸ್ರಿ."

ಮಾಸ್ತರು ಕಣ್ಣು ಮುಚ್ಚಿದರು. "ನೆನಪಾಗವಲ್ದವಾ ಕಸ್ತೂರಿ. ಒಂದೂ ನೆನಪಾಗವಲ್ದು."

ಅವಳು ಕೈ ಬಿಡಲಿಲ್ಲ. "ಹಂಗಾದ್ರ ನನ್ನ ಮುಂಗುಸಿ ತಗೋರಿ."

"ನನ್ನ ಕೋಳೀನೂ ತಗೋರಿ ಸರ್!" ಸಿದ್ದು ದೋಣಿಯಿಂದ ಕೂಗಿದ. "ನನ್ನ ಎಮ್ಮಿ!" "ನನ್ನ ಅಳಿಲ!" ಹನ್ನೊಂದು ಮಕ್ಕಳೂ ತಮ್ಮಲ್ಲಿದ್ದದ್ದನ್ನು ಕೊಟ್ಟರು. ಮಾಸ್ತರು ಕಣ್ಣು ಮುಚ್ಚಿಕೊಂಡೇ, ಆ ಹುಡುಗಿಯ ಹಿಂದೆ ಒಂದೊಂದೇ ಮೆಟ್ಟಿಲು ಇಳಿದು ದೋಣಿಯ ನಡುವೆ ಕುಳಿತರು. ಮಕ್ಕಳು ಅವರನ್ನು ಸುತ್ತಲೂ ಒತ್ತಿ ಕುಳಿತರು.

ನಡುನೀರಿನಲ್ಲಿ ರಾಮಣ್ಣ ಹುಟ್ಟು ಹಾಕುತ್ತ ಗದರಿದ: "ಏನ್ರಿ ಅಕ್ಕೋರ ಇದು? ಮುಂಗುಸಿ, ಕೋಳಿ ಆತು. ಆ ಎಮ್ಮಿ ಯಾಕ ಹತ್ತಿಸಿದ್ರಿ? ಮುಳುಗತೈತಿ ನನ್ನ ದೋಣಿ!"

ಮಾಸ್ತರ ಮೀಸೆ ಮೊದಲು ನಡುಗಿತು. ಆಮೇಲೆ ಹೊಟ್ಟೆ. ಆಮೇಲೆ ಅವರು ನಕ್ಕ ನಗು ಎಂಥದೆಂದರೆ, ದೋಣಿ ನಿಜಕ್ಕೂ ಅಲುಗಾಡಿತು, ರಾಮಣ್ಣ "ಸುಮ್ಮ ಕುಂದ್ರರಿ ಮಾರಾಯರ" ಎಂದು ಕೈಮುಗಿದ. ಆಚೆ ದಂಡೆ ಮುಟ್ಟಿದ್ದು ಅವರಿಗೆ ತಿಳಿಯಲೇ ಇಲ್ಲ.

ಹುನ್ನೂರ ಕಡೆಯ ಏರಿನ ಮೇಲೆ ನಮಗೆಲ್ಲ ಆಸರೆ ಸಿಕ್ಕಿತು. ಬಿಸಿ ಗಂಜಿ ಕುಡಿಯುತ್ತ ಮಾಸ್ತರು ತಾವಾಗಿ ಹೇಳಿದರು: "ನಂದು ಸಿಂಹ ಅಲ್ರೋ. ಕುಂಟ ಕುರಿಮರಿ. ಸಣ್ಣಾಂವಿದ್ದಾಗ ಅದು ಕಳದಿತ್ತು. ದಿನವೆಲ್ಲ ಅಳಕೋತ ಗುಡ್ಡ ಹುಡುಕಿ ಮನಿಗೆ ಬಂದ್ರ, ಅವ್ವನ ಹೊರಸಿನ ಕೆಳಗ ಕುಂತು ನನ್ನ ರೊಟ್ಟಿ ತಿನ್ನಾಕತ್ತಿತ್ತು. ಅವತ್ತು ನಕ್ಕಿದ್ದು ನೋಡ್ರಿ." ಮಕ್ಕಳು ನಗಲಿಲ್ಲ. ಮರಿಯ ಹೆಸರೇನು, ಕುಂಟಿದ್ದು ಯಾವ ಕಾಲು ಎಂದು ಕೇಳುತ್ತ ಕುಳಿತರು.

ಎರಡು ವರ್ಷಕ್ಕೆ ಅವರು ನಿವೃತ್ತರಾಗಿ ಬೀಳಗಿ ಕಡೆಯ ತಮ್ಮ ಊರಿಗೆ ಹೋದರು. ಕತೆ ಅರ್ಧಕ್ಕೇ ನಿಂತಿತ್ತು. ಮುಂದಿನ ಶನಿವಾರ ಮಕ್ಕಳು ನನ್ನ ಮುಖ ನೋಡಿದರು. ಹೇಳಲು ಹೋದೆ. ನಾಲ್ಕು ಮಾತಿಗೆ ಎಂಟು ತಪ್ಪು ತಿದ್ದಿ, ಕೊನೆಗೆ "ನೀವು ಕುಂದ್ರರಿ ಅಕ್ಕೋರ, ನಾವು ಹೇಳ್ತೇವಿ" ಎಂದರು. ಆ ವರ್ಷ ಪೂರ್ತಿ ಅವರೇ ಹೇಳಿ ಕತೆ ಮುಗಿಸಿದರು.

ಅದನ್ನು ಹೇಳಲೆಂದೇ ಮಾಸ್ತರ ಊರಿಗೆ ಹೋದೆ. ಅದೇ ಕೊನೆಯ ಭೇಟಿ ಎಂದು ಗೊತ್ತಿರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅವರು ತೀರಿಹೋದ ಸುದ್ದಿ ನನಗೆ ಮುಟ್ಟಿದ್ದು ವಾರದ ಮೇಲೆ.

ಆ ಭೇಟಿಯ ದಿನ ಊಟವಾದ ಮೇಲೆ ನನ್ನನ್ನು ಬಸ್ಸಿಗೆ ಕಳಿಸಲು ರಸ್ತೆಯವರೆಗೂ ಬಂದರು. ಬೇವಿನ ಗಿಡದ ಕಟ್ಟೆಯ ಮೇಲೆ ಕುಳಿತು, "ಕಾವಳಪ್ಪನ್ನ ಯಾರು ಕೊಂದ್ರು?" ಎಂದು ಕೇಳಿದರು.

"ಯಾರೂ ಕೊಲ್ಲಲಿಲ್ರಿ. ಅವಗೂ ಹೆದರಿಕಿ ಇತ್ತಂತ. ಎಲ್ಲರೂ ತನ್ನ ಕಂಡು ಓಡತಾರ, ಜೋಡಿ ಯಾರಿಲ್ಲ ಅಂತ. ಮಕ್ಕಳು ಅವಗ ಮಂತ್ರ ಕಲಿಸಿದ್ರು. ನಗೂದು ಗೊತ್ತಿರಲಿಲ್ಲ ಅವಗ, ಮೊದಲ ಅದನ್ನ ಕಲಿಸಿದ್ರು."

ಮಾಸ್ತರು ಮೀಸೆ ನೀವಿಕೊಂಡರು. "ಹತ್ತು ವರ್ಷ ಹೇಳಿದೆ," ಎಂದರು. "ನನಗ ಹೊಳೀಲೇ ಇಲ್ಲ ನೋಡ ತಂಗೆವ್ವ."

ತಿರುವಿನಲ್ಲಿ ಬಸ್ಸು ಕಾಣಿಸಿತು. ನಾನು ಚೀಲ ಎತ್ತಿಕೊಂಡೆ. ಮಾಸ್ತರು ಎದ್ದು ನಿಂತು, ಆ ಉದ್ದನೆಯ ತೋಳು ಬೀಸಿ, ಹೋಗು ಹೋಗು ಎಂದು ಬಸ್ಸನ್ನೇ ಮುಂದೆ ಕಳಿಸಿಬಿಟ್ಟರು.

"ಇನ್ನೊಂದು ಬರತೈತಿ," ಎಂದು ಮತ್ತೆ ಕಟ್ಟೆಯ ಮೇಲೆ ಕುಳಿತರು. "ನೀ ಮೊದಲಿಂದ ಹೇಳು."